ಗೂಳಿಕಂಠ ಮತ್ತು ಎಂಟು ಸೇರು ಹಳೆ ಅಕ್ಕಿ

ಗೂಳಿಕಂಠನಿಗೆ ಹೆಂಡತಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನ ಸಕಲ ಪರಾಕ್ರಮಕ್ಕೂ ಇದೇ ಮೂಲವೆಂದು ನನ್ನ ಖಚಿತ ಅಭಿಪ್ರಾಯ.

ಅವನು ಯಾರೆಂದು ಕೇಳುತ್ತೀರಾ? ನಾನು ಪ್ರತಿ ಶನಿವಾರ ತಪ್ಪದೆ ಓದುತ್ತಿದ್ದ ಧಾರಾವಾಹಿಯ ಕಾಡುವೀರ. ಹುಲಿಚರ್ಮ ಉಟ್ಟವನು. ಬೇಕಾದದ್ದನ್ನು ಕೇಳುವುದಿಲ್ಲ, ತೆಗೆದುಕೊಳ್ಳುತ್ತಾನೆ. ಯಾರ ಅಪ್ಪಣೆಗೂ ಕಾಯುವುದಿಲ್ಲ, ಸುಳ್ಳಾಡುವುದಿಲ್ಲ, ನಂಬಿದವರ ಕೈಬಿಡುವುದಿಲ್ಲ. ನಾನು ಮರಿಬಸಪ್ಪ, ಬಳ್ಳಾರಿಯ ಆಹಾರ ಕಂಟ್ರೋಲ್ ಕಚೇರಿಯೊಂದರಲ್ಲಿ ನಕಲು ಗುಮಾಸ್ತ. ಬೇಕಾದದ್ದನ್ನು ಕಾರ್ಡು ಹಿಡಿದು ಸಾಲಿನಲ್ಲಿ ನಿಂತು ಕೇಳುತ್ತೇನೆ, ಸಿಗದಿದ್ದರೆ ಮನೆಗೆ ಬಂದು ಬೈಸಿಕೊಳ್ಳುತ್ತೇನೆ. ಅವನು ಹೆಬ್ಬಾವಿನ ಕುತ್ತಿಗೆ ಹಿಸುಕುವ ಹೊತ್ತಿಗೆ ನಾನು ಕುರ್ಚಿಯ ಮುರಿದ ಕಾಲಿಗೆ ಹಳೆಯ ಫೈಲು ಒತ್ತು ಕೊಡುತ್ತಿರುತ್ತೇನೆ. (ಧಾರಾವಾಹಿ ಓದುವುದೂ ಫೈಲಿನ ಮರೆಯಲ್ಲೇ.)

ನಲವತ್ತಾರನೇ ಇಸವಿ. ಮಗಳು ದಾಕ್ಷಾಯಣಿ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ರೇಷನ್ನಿನ ಅಕ್ಕಿ ಬರೀ ನುಚ್ಚು, ಮುಗ್ಗಲು ವಾಸನೆ. ಉಂಡರೆ ಅವಳಿಗೆ ಹೊಟ್ಟೆನೋವು, ಉಣ್ಣದಿದ್ದರೆ ಕೂಸಿಗೆ ಹಾಲಿಲ್ಲ. ನನ್ನ ಹೆಂಡತಿ ಜಂಬಮ್ಮನ ತವರು ಸಿರುಗುಪ್ಪದಲ್ಲಿ ಎರಡು ವರ್ಷದ ಹಳೆ ಅಕ್ಕಿ ಇತ್ತು. ಆಗ ಊರಿಂದ ಊರಿಗೆ ಅಕ್ಕಿ ಸಾಗಿಸಲು ಪರ್ಮಿಟ್ ಬೇಕಿತ್ತು. ಪರ್ಮಿಟ್ ಕೊಡುವುದು ನಮ್ಮದೇ ಕಚೇರಿ.

"ಸಾಹೇಬ್ರಿಗೆ ಒಂದು ಅರ್ಜಿ ಕೊಡ್ರಿ. ಬಾಣಂತಿಗೆ ಅಂದ್ರ ಇಲ್ಲ ಅಂತಾರೇನು?" ಎಂದಳು ಜಂಬಮ್ಮ.

ಸಾಹೇಬರ ಮುಂದೆ ನಿಂತರೆ ನನ್ನ ನಾಲಗೆ ಒಣಗುತ್ತದೆ. ಈ ಪರಮಸತ್ಯವನ್ನು ಹೆಂಡತಿಗೆ ಹೇಳುವುದುಂಟೇ?

"ತವರುಮನಿ ಅಕ್ಕಿಗೆ ಅಪ್ಪಣಿ ಬೇಡಬೇಕೇನು? ಗೂಳಿಕಂಠ ಯಾರನ್ನರೆ ಕೇಳ್ತಾನೇನು?" ಎಂದು ಗರ್ಜಿಸಿದೆ.

"ಅವ ಯಾರ್ರಿ? ನಿಮ್ಮ ಕಚೇರ್ಯಾಗ ಅದಾನೇನು?"

"ಇದ್ದಿದ್ರ ಕಚೇರಿ ಹಿಂಗ ಇರ್ತಿದ್ದಿಲ್ಲ ಬಿಡು."

"ನಾಕಾದಾಗ ಚೀಲ ತಪಾಸ ಮಾಡಿ ಹಿಡಿದ್ರ?"

"ನಾ ಅದೀನಲ್ಲ!"

(ಈ ಮಾತು ನೆನಪಿಡಿ. ನಾನಂತೂ ಮರೆತಿಲ್ಲ.)

ನಾನೂ ಜಂಬಮ್ಮನೂ ಸಿರುಗುಪ್ಪಕ್ಕೆ ಹೋದೆವು. ಅತ್ತೆ ದೊಡ್ಡಬಸಮ್ಮ ಎಂಟು ಸೇರು ಅಕ್ಕಿಯನ್ನು ಚೀಲಕ್ಕೆ ಹಾಕಿ ಹೊಲಿದರು. ತವರಿನಿಂದ ಹೊರಟ ಮಗಳನ್ನು ಬರಿದೇ ಕಳಿಸಬಾರದೆಂದು ಐದು ಬೊಗಸೆ ಅಕ್ಕಿ ಉಡಿ ತುಂಬಿ, ಸೆರಗಿನ ಗಂಟನ್ನು ಅವಳ ಸೊಂಟಕ್ಕೆ ಸಿಕ್ಕಿಸಿದರು. ಪೆಟ್ರೋಲಿಲ್ಲದೆ ಇದ್ದಿಲಿನ ಮೇಲೆ ಓಡುವ ಬಸ್ಸು ಕೆಮ್ಮುತ್ತ ಹೊರಟಿತು. ದಾರಿಯುದ್ದಕ್ಕೂ ನಾನು ಒಂದೇ ಮಾತು ಬಾಯಿಪಾಠ ಮಾಡಿದೆ: "ಚೀಲ ನಂದು. ತೊಗೊಳ್ಳೋ ಗಂಡಸು ಮುಂದ ಬಾ!"

ಕುರುಗೋಡಿನ ಹತ್ತಿರ ನಾಕಾದಲ್ಲಿ ಬಸ್ಸು ನಿಂತಿತು. ಖಾಕಿಯವನೊಬ್ಬ ಹತ್ತಿ ಸೀಟುಗಳ ಕೆಳಗೆ ಕೋಲಾಡಿಸಿದ.

"ಎವರಿದಯ್ಯಾ ಈ ಸಂಚಿ? ಯಾರದು ಈ ಚೀಲ?"

ಜಂಬಮ್ಮ ನನ್ನ ಮುಖ ನೋಡಿದಳು. ನಾನು ಎದ್ದು ನಿಂತೆ. ಎದೆ ಉಬ್ಬಿಸಿದೆ. (ಇಲ್ಲಿಯವರೆಗೆ ನನಗೂ ಗೂಳಿಕಂಠನಿಗೂ ಏನೂ ವ್ಯತ್ಯಾಸವಿರಲಿಲ್ಲ.)

"ನನಗ ಗೊತ್ತಿಲ್ರಿ" ಎಂದೆ.

"ಈಯಮ್ಮ ನಿಮ್ಮಕೀನಾ?"

ಕಚೇರಿ, ಸಾಹೇಬರು, ಕಾಲು ಮುರಿದ ಕುರ್ಚಿ ಎಲ್ಲ ಕಣ್ಣ ಮುಂದೆ ಬಂದವು. ಆ ದರಿದ್ರ ಕುರ್ಚಿಯ ಮೇಲೆ ನನಗೆ ಅಷ್ಟು ಪ್ರೀತಿಯಿದೆಯೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ.

"ಅಲ್ರಿ. ನಾ ಬ್ಯಾರೆ."

"ಚೀಲ ನಂದು" ಎಂದಳು ಜಂಬಮ್ಮ. "ಬಾಣಂತಿ ಮಗಳಿಗೆ ಒಯ್ಯಾಕತ್ತೀನಿ."

ಚೀಲ ಕೆಳಗಿಳಿಯಿತು. ಅವನ ಕಣ್ಣು ಉಡಿಯ ಮೇಲೆ ಬಿತ್ತು. "ಅದನ್ನೂ ಬಿಚ್ಚು."

"ಉಡಿ ಬಿಚ್ಚು ಅಂತೀಯೇನಲೇ? ನಿಮ್ಮವ್ವ ನಿಮ್ಮಕ್ಕಗ ತುಂಬಿದ ಉಡೀನೂ ಹಿಂಗ ನಡುಹಾದ್ಯಾಗ ಬಿಚ್ಚಸ್ತೀಯೇನು? ಕೈ ಹಚ್ಚು, ನೋಡೂಣು!"

ಬಸ್ಸಿನ ಹೆಂಗಸರೆಲ್ಲ ಎದ್ದು ನಿಂತರು. ಕೋಲಿನವನು ಎರಡು ಹೆಜ್ಜೆ ಹಿಂದೆ ಸರಿದ. ವರ್ಷಗಟ್ಟಲೆ ಅಚ್ಚಿನಲ್ಲಿ ಓದಿದ್ದನ್ನು ಅಂದು ಕಣ್ಣಾರೆ ಕಂಡೆ, ಹುಲಿಚರ್ಮ ಒಂದು ಇರಲಿಲ್ಲ. ಉಡಿ ಉಳಿಯಿತು. ಚೀಲದ ಸಲುವಾಗಿ ಅವಳನ್ನು ಕೆಳಗಿಳಿಸಿ ಪಂಚನಾಮೆ ಬರೆದುಕೊಂಡರು, ಚೀಲ ಇಟ್ಟುಕೊಂಡು ಅವಳನ್ನು ಮತ್ತೆ ಬಸ್ಸು ಹತ್ತಿಸಿದರು. ಅಷ್ಟು ಹೊತ್ತೂ ನಾನು ಇನ್ನೊಂದು ಕಿಟಕಿಯಿಂದ ಬೇವಿನ ಮರ ನೋಡುತ್ತ ಕೂತಿದ್ದೆ. ನಾಚಿಕೆಯಾಯಿತು, ಆದರೂ ಇಳಿಯಲಿಲ್ಲ.

ಐದು ಬೊಗಸೆ ಅಕ್ಕಿ ಮಗಳಿಗೆ ನಾಲ್ಕು ದಿನ ಬಂತು. ಜಂಬಮ್ಮ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಊಟ ಸೇರುತ್ತಿತ್ತು.

ಐದನೆಯ ದಿನ ಪಂಚನಾಮೆ ಮೂರು ಪ್ರತಿ ಮಾಡಲು ನನ್ನ ಮೇಜಿಗೇ ಬಂತು. ಮೊದಲು ನನ್ನ ಹೆಸರು ಹುಡುಕಿದೆ. ಹೆಸರು: ಜಂಬಮ್ಮ. ಊರು: ಸಿರುಗುಪ್ಪ. ಗಂಡನ ಹೆಸರು: ಹೇಳಲಿಲ್ಲ. ಜೊತೆಗಿದ್ದವರು: ಯಾರೂ ಇಲ್ಲ. ನೌಕರಿ ಉಳಿಯಿತು! ಎರಡು ಪ್ರತಿ ಮುಗಿಸಿ ಮನೆಗೆ ಓಡಿದೆ.

"ಗಂಡನ ಹೆಸರು ಹೇಳಬಾರದು ಅಂತ ನಮ್ಮ ಹಿರೇರು ಪದ್ಧತಿ ಮಾಡ್ಯಾರಲ್ಲ, ಅದು ನನ್ನ ಉಳಿಸಿತು ನೋಡು!"

ಜಂಬಮ್ಮ ನುಚ್ಚು ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

"ಬಾಯಿಲೆ ಹೇಳಬಾರದಂದ್ರ ಬಾಜೂಕಿನವರ ಕಡಿಂದ ಹೇಳಸ್ತೀವ್ರಿ. ನನ್ನ ಗಂಡ ಬಸ್ಸಿನ್ಯಾಗ ಇದ್ದಿದ್ರ ಹೇಳಸ್ತಿದ್ದೆ."

ಮರುದಿನ ಮೂರನೆಯ ಪ್ರತಿ ಬರೆದೆ. ನನ್ನ ಅಕ್ಷರ ದುಂಡಗೆ, ಚೆನ್ನಾಗಿದೆ. ಸಾಹೇಬರು ನೋಡಿ, "ಒಂದೂ ತಪ್ಪಿಲ್ಲ" ಎಂದು ಮೊದಲ ಸಲ ಹೊಗಳಿದರು. ಜೊತೆಗಿದ್ದವರು ಯಾರೂ ಇಲ್ಲ ಎಂಬ ಸಾಲಿನ ಕೆಳಗೆ, ನಿಯಮದ ಪ್ರಕಾರ, ನಾನೇ ರುಜು ಹಾಕಿದೆ: 'ಮೂಲದಂತೆಯೇ ಸರಿಯಾಗಿದೆ. ಮರಿಬಸಪ್ಪ.'