ಮಾವನ ಗಂಟಲಿನ ಬಸ್ಸು

ನಮ್ಮ ಮಾವನ ಗಂಟಲಿನಲ್ಲಿ ಒಂದು ಬಸ್ಸು, ಒಂದು ಹಿಟ್ಟಿನ ಗಿರಣಿ ಮತ್ತು ಒಂದೂವರೆ ಟ್ರ್ಯಾಕ್ಟರ್ ಇವೆ. ನಂಬದವರು ಕುಂದಗೋಳದಾಚೆ ನಾಲ್ಕು ಊರು ದಾಟಿ ಬಂದು ಕೇಳಬಹುದು. ಒಂದೂವರೆ ಯಾಕೆಂದರೆ, ಎರಡನೆಯ ಟ್ರ್ಯಾಕ್ಟರನ್ನು ಅವರು ಸ್ಟಾರ್ಟ್ ಮಾಡುವವರೆಗೆ ಮಾತ್ರ ಕಲಿತಿದ್ದಾರೆ. ಮುಂದೆ ಓಡಿಸಲು ಹೋದರೆ ದಮ್ಮು ಹತ್ತುತ್ತದೆ.

ಮಾವ ಎಂದರೆ ನನ್ನ ಅಕ್ಕನ ಗಂಡ. ವಯಸ್ಸು ಎಪ್ಪತ್ತು ದಾಟಿದೆ. ಭಜನಾ ಮೇಳದಲ್ಲಿ ಕೂದಲು ನರೆಯುವವರೆಗೆ ಹಾರ್ಮೋನಿಯಂ ನುಡಿಸಿದವರು. ಇಂಥ ಮನುಷ್ಯನಿಗೆ ಡೀಸೆಲ್ ಹುಚ್ಚು ಹೇಗೆ ಹಿಡಿಯಿತು? ಅದಕ್ಕೆ ಅಕ್ಕನ ಕಣ್ಣು ಕಾರಣ.

ಅಕ್ಕನ ದೃಷ್ಟಿ ನಾಲ್ಕು ವರ್ಷದ ಹಿಂದೆ ಪೂರ್ತಿ ಹೋಯಿತು. ಆವತ್ತಿನಿಂದ ಅವಳು ಹೊಸ್ತಿಲು ದಾಟಿಲ್ಲ. ಆದರೆ ಹೊಸ್ತಿಲೊಳಗೆ ಅವಳದೇ ಆಡಳಿತ. ಹೊತ್ತು ಎಷ್ಟಾಯಿತು ಎಂದು ಯಾರನ್ನೂ ಕೇಳುವವಳಲ್ಲ. ಬೆಳಿಗ್ಗೆ ಆರೂ ಹತ್ತಕ್ಕೆ ಹುಬ್ಬಳ್ಳಿಗೆ ಹೋಗುವ ಮೊದಲ ಬಸ್ಸು ಮನೆಯ ಮುಂದೆ ಗೇರು ಬದಲಿಸಿತೆಂದರೆ ಚಹಾ ಇಡುತ್ತಾಳೆ. ಗಿರಣಿಯ ಎಂಜಿನ್ ಶುರುವಾಯಿತೆಂದರೆ ರೊಟ್ಟಿಗೆ ಹಿಟ್ಟು ನಾದುತ್ತಾಳೆ. ಟ್ರ್ಯಾಕ್ಟರ್ ಹೊಲದಿಂದ ಹೊರಳಿ ಬಂತೆಂದರೆ ದೇವರ ಮುಂದೆ ದೀಪ ಹಚ್ಚುತ್ತಾಳೆ. ನಾನು ಆಯುಷ್ಯವೆಲ್ಲ ಗಡಿಯಾರ ನೋಡಿ ಬದುಕಿದವನು. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ. ಅವಳ ಚಹಾ ನನ್ನ ಗಡಿಯಾರಕ್ಕಿಂತ ಹಿಂದೆ ಬಿದ್ದದ್ದನ್ನು ಕಂಡಿಲ್ಲ.

"ಹೊತ್ತೆಷ್ಟಾತಂತ ಮಂದೀನ್ನ ಕೇಳಿ ಕೇಳಿ ದಿನಾ ತಗ್ಯೂದ ಬಂದ್ರ, ನಾ ಮೂಲಿ ಹಿಡದ ಮಲಗಿಬಿಡತೀನಿ" ಎಂದು ಅವಳು ಒಮ್ಮೆ ಹೇಳಿದ್ದಳು. ಅಕ್ಕ ಹೇಳಿದ್ದನ್ನು ಮಾಡದೆ ಬಿಟ್ಟವಳಲ್ಲ. ಹೀಗಾಗಿ ಮಾವನಿಗೆ ಅವತ್ತಿನಿಂದ ಅದೇ ಹೆದರಿಕೆ.

ಇಂಥದ್ದರಲ್ಲಿ ಅವರು ಪೇಪರಿನಲ್ಲಿ ಒಂದು ಸುದ್ದಿ ಓದಿದರು. ಜಗತ್ತಿನ ಹಳೆಯ ಎಣ್ಣೆಬಾವಿಗಳು ವರ್ಷದಿಂದ ವರ್ಷಕ್ಕೆ ಕಡಿಮೆ ಕೊಡುತ್ತಿವೆಯಂತೆ. ಹೊಸವು ಸಿಗುವುದು ಅಪರೂಪವಂತೆ. ಮುಂದೆ ಬಿಗಿ ಕಾಲ ಬರಬಹುದಂತೆ.

"ಅದು ನಮ್ಮ ಕಾಲಕ್ಕಲ್ಲ ಬಿಡ್ರಿ ಮಾವಾ" ಎಂದೆ.

"ಎಮ್ಮಿ ಬತ್ತೂ ಮುಂದ ಹೇಳಿ ಬತ್ತತೈತೇನು? ಇವತ್ತೊಂದು ಚಟಾಕು ಕಡಿಮಿ, ನಾಳೆ ಒಂದು ಚಟಾಕು ಕಡಿಮಿ. ಒಂದಿನ ಚರಿಗಿ ಹಿಡದ ಕುಂತ್ರ ಒದ್ದ ಕಳಸತೈತಿ. ಬಸ್ಸು ನಿಂತ್ರ ನಿಮ್ಮಕ್ಕಗ ಮುಂಜಾನೆ ಹೆಂಗ ಆಗಬೇಕು?"

"ನೀವ ಹೇಳ್ರಿ, ಆರೂ ಹತ್ತಾತು ಅಂತ."

"ನಾ ಹೇಳಿದ್ರ ಆಕಿ ಕೇಳಿದಂಗ ಆತಲ್ಲೋ."

ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ನನಗೂ ತಿಳಿಸಿ.

ಮರುದಿನವೇ ಅವರು ಹಾರ್ಮೋನಿಯಂ ಹೊತ್ತುಕೊಂಡು ಹೋಗಿ ಬಸ್ ಸ್ಟಾಪಿನಲ್ಲಿ ಕುಳಿತರು. ಬಸ್ಸಿನ ಸ್ವರ ಹಿಡಿದು ಗಂಟಲಿಗೆ ಇಳಿಸಿಕೊಳ್ಳಬೇಕಿತ್ತಲ್ಲ! ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ರಿ ಯಜಮಾನ್ರ, ಭಜನಿ ಇವತ್ತ ಬಸ್ಸಿನ್ಯಾಗೇನು?" ಎಂದ.

"ನಿನ್ನ ಗಾಡಿ ಎರಡನೇ ಗೇರಿನ್ಯಾಗ ಅಪಸ್ವರ ಹಾಡತೈತಿ ತಮ್ಮಾ. ಮೊದಲ ತೋರಿಸ್ಕೊ ಹೋಗು."

ಅವನು ನಗುತ್ತಲೇ ಹೋಗಿ ತೋರಿಸಿದ. ಗೇರ್ ಬಾಕ್ಸಿನಲ್ಲಿ ನಿಜವಾಗಿಯೂ ಒಂದು ಹಲ್ಲು ಮುರಿದಿತ್ತು. ಮೂರನೆಯ ದಿನದಿಂದ ಆ ಡ್ರೈವರು ಮಾವನನ್ನು ಕಂಡರೆ ಕೈ ಮುಗಿಯತೊಡಗಿದ. ಭಕ್ತಿಯಿಂದಲೋ ಭಯದಿಂದಲೋ, ಗೊತ್ತಿಲ್ಲ.

ನಾನು ನಕ್ಕದ್ದು ಅಲ್ಲಿಯವರೆಗೆ ಮಾತ್ರ.

ಡಿಸೆಂಬರಿನಲ್ಲಿ ಹೋದಾಗ ಊರಿಗೆ ಡೀಸೆಲ್ ಬಿಗಿಯಾಗಿತ್ತು. ಮೊದಲ ಬಸ್ಸು ನಿಂತು ಒಂದು ವಾರವಾಗಿತ್ತು. ಆ ಸುದ್ದಿ ನನಗೆ ಗೊತ್ತಿರಲಿಲ್ಲ. ಎಂದಿನಂತೆ ಐದಕ್ಕೆ ಎದ್ದು, ಮುಖ ತೊಳೆದು, ಆರಕ್ಕೆ ಕಟ್ಟೆಯ ಮೇಲೆ ನಿಂತಿದ್ದೆ. ಕಪ್ಪು ಮಣ್ಣಿನ ಎರಿ ಹೊಲದ ಮೇಲೆ ದಟ್ಟ ಮಂಜು. ಆರೂ ಹತ್ತಕ್ಕೆ ಸರಿಯಾಗಿ ದೂರದಲ್ಲಿ ಬಸ್ಸು ಗುಂಯ್ ಎಂದಿತು. ಹತ್ತಿರ ಬಂತು. ಮನೆಯ ಮುಂದೆ ಗೇರು ಬದಲಿಸಿ ಮುಂದೆ ಹೋಯಿತು. ರಸ್ತೆಯ ಮೇಲೆ ಮಾತ್ರ ಏನೂ ಇರಲಿಲ್ಲ. ಮಂಜು ಕೂಡ ಅಲುಗಲಿಲ್ಲ.

ಕಟ್ಟೆಯ ಕೆಳಗೆ ಮಲಗಿದ್ದ ನಾಯಿ ಎದ್ದು ಬೊಗಳುತ್ತ ಆ ಸಪ್ಪಳದ ಬೆನ್ನು ಹತ್ತಿತು. ನಡುರಸ್ತೆಯಲ್ಲಿ ನಿಂತು ಮೂಗು ಎತ್ತಿ ಮೂಸಿತು. ಆಮೇಲೆ ಬಾಲ ಮುದುರಿಕೊಂಡು ನನ್ನ ಕಾಲ ಸಂದಿಯಲ್ಲಿ ಬಂದು ಕುಳಿತಿತು. ಎದುರುಮನೆಯ ಮುದುಕಿ ಗಂಟು ಹಿಡಿದು ಓಡಿ ಬಂದು ಕೈ ಅಡ್ಡ ಮಾಡಿದಳು. ಸಪ್ಪಳ ಅವಳನ್ನೂ ದಾಟಿ ಹೋಯಿತು. ಮನೆಯೊಳಗೆ ಅಕ್ಕ ಚಹಾದ ಬೋಗುಣಿ ಇಟ್ಟದ್ದು ಕೇಳಿಸಿತು.

ಕೊಟ್ಟಿಗೆಯ ಗೋಡೆಯ ಹಿಂದಿನಿಂದ ಮಾವ ಹೊರಬಂದರು. ಕೈಯಲ್ಲಿ ತಳ ಕಿತ್ತ ಎಣ್ಣೆ ಡಬ್ಬಿ. ಅದನ್ನು ಬಾಯಿಗೆ ಹಿಡಿದು ಗೋಡೆಯ ಗುಂಟ ಈ ತುದಿಯಿಂದ ಆ ತುದಿಗೆ ನಡೆದಿದ್ದರು.

"ಯಪ್ಪಾ, ನಿನಗ ಕೈ ಮುಗೀತೀನಿ" ಎಂದಳು ಮುದುಕಿ, ಮೆಲ್ಲನೆ. "ಮೂರು ದಿನದಿಂದ ತವರಮನಿಗೆ ಹೊಂಟ ಹೊಳ್ಳಿ ಬರಾಕ್ಹತ್ತೀನಿ."

ತಿಂಗಳೊಪ್ಪತ್ತಿನಲ್ಲಿ ಗಿರಣಿಯೂ ನಿಂತಿತು, ಟ್ರ್ಯಾಕ್ಟರೂ ನಿಂತಿತು. ಎಂಜಿನ್ ಇಲ್ಲದ ಊರಿನ ಮೌನವನ್ನು ನೀವು ಕೇಳಿದ್ದೀರಾ? ಅಂಗಳದಲ್ಲಿ ಕೋಳಿ ಕಾಲಿಟ್ಟದ್ದು ಕೇಳುತ್ತದೆ. ಗಾಳಿ ಬೀಸಿದರೆ ಒಣಮೆಣಸಿನಕಾಯಿಯೊಳಗೆ ಬೀಜ ಅಲುಗಾಡಿದ್ದು ಕೇಳುತ್ತದೆ. ಜನ ತಾವಾಗಿಯೇ ದನಿ ತಗ್ಗಿಸಿ ಮಾತಾಡುತ್ತಿದ್ದರು, ಯಾರೋ ಮಲಗಿದ್ದಾರೇನೋ ಎಂಬಂತೆ. ಆ ಮೌನದೊಳಗೆ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿದ ಗಿರಣಿ ಧಡ್ ಧಡ್ ಎನ್ನುತ್ತಿತ್ತು. ಸಂಜೆ ಖಾಲಿ ಬಂಡಿದಾರಿಯಲ್ಲಿ ಟ್ರ್ಯಾಕ್ಟರ್ ಹೊರಳಿ ಬರುತ್ತಿತ್ತು. ಕೆಲವರು ಆ ಹೊತ್ತಿಗೆ ನಮ್ಮ ಓಣಿಗೆ ಬರುವುದನ್ನೇ ಬಿಟ್ಟರು. ಮಾಡುವವರು ಯಾರೆಂದು ಗೊತ್ತಿದ್ದ ನನಗೂ ಮೈಮೇಲೆ ಮುಳ್ಳು ಏಳುತ್ತಿದ್ದವು.

ಅಕ್ಕ ಮಾತ್ರ ನಿಶ್ಚಿಂತೆ. ಚಹಾ, ರೊಟ್ಟಿ, ದೀಪ, ಎಲ್ಲ ಹೊತ್ತಿಗೆ ಸರಿಯಾಗಿ. ಸವೆಯುತ್ತಿದ್ದದ್ದು ಮಾವನ ಗಂಟಲು. ಜನವರಿಯಲ್ಲಿ ಹೋದಾಗ ಮಾತಿಗೆ ದನಿಯೇ ಉಳಿದಿರಲಿಲ್ಲ.

"ಸಾಕು ಮಾಡ್ರಿ ಮಾವಾ."

ಅವರು ಡಬ್ಬಿ ಒರೆಸುತ್ತ ಪಿಸುಗುಟ್ಟಿದರು: "ನಾ ಸಾಕು ಮಾಡಿದ ದಿನಾ ಆಕಿ ಮೂಲಿ ಹಿಡೀತಾಳ."

ಮರುದಿನ ಬೆಳಿಗ್ಗೆಯೂ ಮಂಜು. ಬಸ್ಸು ದೂರದಿಂದ ಹೊರಟಿತು, ಹತ್ತಿರ ಬಂತು. ಮನೆಯ ಮುಂದೆ ಗೇರು ಬದಲಿಸುವ ಜಾಗದಲ್ಲಿ ದನಿ ಒಡೆದು, ಕಿರ್ರೆಂದು, ನಿಂತೇ ಹೋಯಿತು. ಮಾವ ಗೋಡೆಯ ಮರೆಯಿಂದ ಹೊರಬಂದು ಮತ್ತೆ ಬಾಯಿ ತೆರೆದರು. ಬರೀ ಗಾಳಿ ಬಂತು. ಮನೆಯೊಳಗಿನಿಂದ ಬೋಗುಣಿಯ ಸಪ್ಪಳ ಬರಲಿಲ್ಲ. ಮಾವ ನನ್ನ ಮುಖ ನೋಡಿದರು. ಅಷ್ಟು ಹೆದರಿದ ಮುಖವನ್ನು ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ.

ಆಗ ಬಾಗಿಲು ಕಿರುಗುಟ್ಟಿತು. ಅಕ್ಕ ಚೌಕಟ್ಟು ಹಿಡಿದು ನಿಂತಿದ್ದಳು. ಮೈಮೇಲೆ ಶಾಲು, ಕಾಲಲ್ಲಿ ಚಪ್ಪಲಿ.

"ಬಸ್ಸು ನಿಂತತೇನು?" ಎಂದು ಕೇಳಿದಳು. ಅವಳು ಕೇಳಿದಳು!

"ನಿಂತೈತಿ ಅಕ್ಕಾ" ಎಂದೆ.

"ನಿಂದರ್ಲಿ, ನಾ ಹತ್ತತೀನಿ. ಎಷ್ಟು ದಿನದಿಂದ ಒಂದ ಓಡಾಡತೈತಿ ಪಾಪ, ಯಾರೂ ಹತ್ತವಲ್ರು."

ನಾಲ್ಕು ವರ್ಷ ದಾಟದ ಹೊಸ್ತಿಲು ದಾಟಿ, ಕಟ್ಟೆ ಇಳಿದು, ಅವಳು ಕೈ ಮುಂದೆ ಚಾಚಿದಳು. ಮಾವ ಎರಡು ಹೆಜ್ಜೆ ಬಂದು ತಮ್ಮ ಹೆಗಲು ಕೊಟ್ಟರು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಆಧಾರ ಕಾರ್ಡ?" ಎಂದರು ಮಾವ, ಇಲ್ಲದ ದನಿಯಲ್ಲಿ.

"ಹೇಣ್ತಿಗೂ ಕೇಳತೀರೇನು? ನಡೀರಿ. ಸಾವಕಾಶ ಬಿಡ್ರಿ, ಚಪ್ಪಲಿ ಸಡಲ ಅದಾವು."

ಮೊದಲನೇ ಗೇರಿನಲ್ಲಿ ಇಬ್ಬರೂ ಹೊರಟರು. ಹತ್ತು ಹೆಜ್ಜೆಗೆ ಮಂಜು ಅವರನ್ನು ಮುಚ್ಚಿತು. ಬಸ್ಸಿನ ಸಪ್ಪಳ ಮಾತ್ರ ಬಹಳ ಹೊತ್ತು ಕೇಳುತ್ತಿತ್ತು. ಕಿವಿಗೊಟ್ಟೆ. ಅದರಲ್ಲಿ ಎರಡು ದನಿ ಇದ್ದವು.