ಕಟಿಂಗ್ ಮಾಸ್ತರ ಅಳೆದ ಮನೆ

ರಾಯದುರ್ಗದಲ್ಲಿ ಮೂವತ್ತು ವರ್ಷ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ತರನಾಗಿದ್ದವನು ನಾನು. ಕಂಡವರ ಸೊಂಟದ ಅಳತೆ ಕಣ್ಣಲ್ಲೇ ಹೇಳುತ್ತಿದ್ದೆ. ಅಂಥವನಿಗೆ ಇಳಿವಯಸ್ಸಿನಲ್ಲಿ ಎಲ್ಲಿರಬೇಕೆಂದು ನಿರ್ಧರಿಸುವುದು ಯಾವ ಮಹಾ ಕೆಲಸ?

ನಮ್ಮದು ಬಜಾರಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಎಡಕ್ಕೆ ಹೊಲಿಗೆ ಯೂನಿಟ್, ಬಲಕ್ಕೆ ಹೊಲಿಗೆ ಯೂನಿಟ್, ತಲೆಯ ಮೇಲೂ ಒಂದು! ಸಾರಿನಲ್ಲಿ ಬೇಳೆಗಿಂತ ನೂಲಿನ ತುಂಡೇ ಹೆಚ್ಚು. ಕೆಲಸ ಬಿಟ್ಟ ದಿನವೇ "ಇನ್ನು ನನಗೆ ಶಾಂತಿ ಬೇಕು" ಎಂದು ಘೋಷಿಸಿದೆ.

"ಇಲ್ಲೇನಾಗೈತ್ರಿ? ಮೊಣಕಾಲು ನೋವಂದ್ರ ನಾಕು ಮಂದಿ ಓಡಿ ಬರ್ತಾರ," ಎಂದಳು ಹೆಂಡತಿ ಶರಣಮ್ಮ. ಅವಳಿಗೆ ಆ ಓಣಿಯೆಂದರೆ ಪ್ರಾಣ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ಡಿ. ಹಿರೇಹಾಳ್ ಕಡೆಯ ಹಳ್ಳಿಯಲ್ಲಿರುವ ತಮ್ಮನ ಮನೆಗೆ, ಪ್ರಯೋಗಾರ್ಥ, ಎಂಟು ದಿನಕ್ಕೆಂದು ಹೋದೆವು. ಬೇವಿನ ನೆರಳು, ತಂಪು ಗಾಳಿ, ಸ್ವರ್ಗ! ಎರಡನೆಯ ದಿನ ಕುರಿ ಕಾಯುವ ನಿಂಗಜ್ಜ ಬಂದ.

"ಮಾಸ್ತರ್ರ, ಸುಮ್ನ ಕುಂತೀರಿ. ಈ ಜಿಪ್ಪೊಂದು ನೋಡ್ರಿ."

ನೋಡಿದೆ. ಅದೇ ತಪ್ಪಾಯಿತು! ಮರುದಿನ ಊರಿನ ಹರಿದ ಪ್ಯಾಂಟುಗಳೆಲ್ಲ ಕಟ್ಟೆ ಹತ್ತಿದವು. ಬಳ್ಳಾರಿಗೆ ಕೂಲಿಗೆ ಹೊರಟವರು ಲುಂಗಿಯುಟ್ಟು ಕಾಯುತ್ತ ನಿಂತರು. ಐದನೆಯ ದಿನ ಬೆಳಗಿನ ಬಸ್ಸಿಗೇ ಓಡಿ ಬಂದೆವು.

ಹಳ್ಳಿಯೂ ಬೇಡ, ಬಜಾರೂ ಬೇಡ. ಊರ ಹೊರಗಿನ ಲೇಔಟಿನಲ್ಲಿ ಪುಟ್ಟ ಮನೆಯೊಂದನ್ನು ನೋಡಿದೆ. ಶರಣಮ್ಮ ಒಂದೇ ಷರತ್ತು ಹಾಕಿದಳು.

"ನನ್ನ ತವರಿನ ಬೀರು ಒಳಗ ಹಿಡಿದ್ರ ಬರ್ತೀನಿ. ಇಲ್ಲಂದ್ರ ನೀವೊಬ್ರೇ ಇರ್ರಿ."

ಬೀರುವಿನ ಅಗಲ ಮೂವತ್ತಾರು ಇಂಚು. ಅದನ್ನಿಡಲು ಆ ಮನೆಯಲ್ಲಿ ಇದ್ದದ್ದು ಗೋಡೆಯ ಗೂಡೊಂದೇ. ಟೇಪು ಹಿಡಿದು ಅಳೆದು, ಮೂವತ್ತಾರೂವರೆ ಎಂದು ಬರೆದು, ಬಾಡಿಗೆ ಕರಾರಿಗೆ ಸಹಿಯನ್ನೂ ಹಾಕಿದೆ!

ಮನೆಯ ಸಾಮಾನಿನೊಡನೆ ಬೀರು ಟೆಂಪೊ ಹತ್ತಿ ಬಂತು. ಗೂಡಿನ ಮುಂದೆ ನಿಂತಿತು. ಒಳಗೆ ಹೋಗಲಿಲ್ಲ. ನಾಲ್ವರು ನೂಕಿದರೂ ಹೋಗಲಿಲ್ಲ. ಮತ್ತೆ ಅಳೆದರೆ ಮೂವತ್ತೈದೂವರೆ! ಆಗ ಹೊಳೆಯಿತು. ಮೂವತ್ತು ವರ್ಷದ ಕೈ, ಬರೆಯುವಾಗ ತಾನಾಗಿಯೇ ಎರಡೂ ಬದಿಗೆ ಹೊಲಿಗೆಗೆಂದು ಅರ್ಧರ್ಧ ಇಂಚು ಸೇರಿಸಿಬಿಟ್ಟಿತ್ತು.

"ಗ್ವಾಡಿ ಏನು ಬಟ್ಟಿ ಅಂತ ತಿಳ್ಕೊಂಡೀರೇನ್ರಿ? ಹೊಲಿಗಿ ಬಿಚ್ಚಿ ಅಗಲ ಮಾಡ್ರಿ ಹಂಗಾರ!" ಎಂದಳು ಶರಣಮ್ಮ.

ಬೀರುವನ್ನು ಪಡಸಾಲೆಯಲ್ಲಿಟ್ಟೆವು. ಮುಂಬಾಗಿಲು ಒಂದು ಗೇಣಷ್ಟೇ ತೆರೆಯಿತು. ಆ ಸಂದಿಯಲ್ಲಿ ನುಗ್ಗಲು ಹೋಗಿ ನಾನು ಅಲ್ಲೇ ಸಿಕ್ಕಿಬಿದ್ದೆ! ಅಕ್ಕಪಕ್ಕದವರನ್ನು ಕರೆಯೋಣವೆಂದರೆ ಅಲ್ಲಿ ಅಕ್ಕವೂ ಇಲ್ಲ, ಪಕ್ಕವೂ ಇಲ್ಲ, ಬರೀ ಸೈಟಿನ ಕಲ್ಲುಗಳು. ಟೆಂಪೊ ಡ್ರೈವರನೇ ನನ್ನನ್ನು ಎಳೆದು ತೆಗೆದ.

"ಇನ್ನ ಎಲ್ಲಿಗ್ರಿ?" ಎಂದು ಕೇಳಿದ, ನನ್ನನ್ನಲ್ಲ, ಶರಣಮ್ಮನನ್ನು.

ಅವಳು ಸೆರಗಿನ ಗಂಟು ಬಿಚ್ಚಿದಳು. ಓಣಿಯ ಮನೆಯ ಕೀಲಿಕೈ! ಮಾಲೀಕರಿಗೆ ಮರಳಿಸಿರಲೇ ಇಲ್ಲ.

"ಇವರ ಅಳತಿ ನನಗ ಗೊತ್ತಿಲ್ಲೇನಪಾ? ಎಂಟು ದಿನ ಬಿಟ್ಟು ಕೊಡ್ತೀನಿ ಅಂದಿದ್ದೆ."

ನನಗೆ ಸಿಟ್ಟೂ ಬಂತು, ಹೇಳಿಕೊಳ್ಳಲಾಗದಷ್ಟು ಸಮಾಧಾನವೂ ಆಯಿತು. ಅವಳು ಡ್ರೈವರನ ಪಕ್ಕ ಮುಂದೆ ಕುಳಿತಳು. ನಾನು ಹಿಂದೆ, ಬೀರುವನ್ನು ತಬ್ಬಿಕೊಂಡು ನಿಂತೆ.

ಓಣಿಯಲ್ಲಿ ಮಷಿನ್ನು ನಿಲ್ಲಿಸಿ ಎಲ್ಲರೂ ಓಡಿ ಬಂದರು. ಕ್ಷಣದಲ್ಲಿ ಬೀರು, ಮಂಚ, ಪಾತ್ರೆಗಳೆಲ್ಲ ಒಳಗೆ ಸೇರಿದವು.

"ಸಾಮಾನೆಲ್ಲಾ ಇಳೀತೇನಕ್ಕಾ?" ಎಂದು ಕೂಗಿದಳು ಎದುರು ಮನೆಯ ಮಾಬುನ್ನಿ.

ಶರಣಮ್ಮ ಟೆಂಪೊದೊಳಗೆ ಇಣುಕಿದಳು.

"ಇಲ್ಲಮ್ಮ, ಇವರೊಬ್ರು ಉಳಿದಾರ. ಮೆಲ್ಲಕ ಇಳಿಸ್ರಿ, ಹಳೇ ಮಾಲು!"