ಎಂಜಿನ್ನಿಗೆ ರಗ್ಗು ಹೊದಿಸಿದ ಭಾವ

ತಾವು ಚಳಿಯಲ್ಲಿ ಹಲ್ಲು ಕಟಕಟ ಕಡಿಯುತ್ತ ನಿಂತು ದೋಣಿಯ ಎಂಜಿನ್ನಿಗೆ ರಗ್ಗು ಹೊದಿಸಿದ ಮೈಸೂರಿನವರು ಇಡೀ ಐರ್ಲೆಂಡಿನಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಅಕ್ಕನ ಗಂಡ! ಹೆಸರು ಹೇಳುವುದಿಲ್ಲ. ಹೇಳಿದರೆ ಆ ಕ್ಷಣವೇ ಫೋನ್ ಮಾಡಿ, "ಅದು ರಗ್ಗಲ್ಲಮ್ಮ, ಥರ್ಮಲ್ ಇನ್ಸುಲೇಷನ್" ಎಂದು ತಿದ್ದುತ್ತಾರೆ. ಭಾವ ತಿದ್ದುವುದಕ್ಕೆ ಕುಳಿತರೆ ನಮ್ಮ ಫೋನಿನ ಬ್ಯಾಟರಿ ಸಾಯುತ್ತದೆಯೇ ಹೊರತು ಅವರ ಉತ್ಸಾಹವಲ್ಲ.

ಈ ದೋಣಿಯ ವಿಷಯ ಕೇಳಿದವರೆಲ್ಲ ಭಾವ ದೊಡ್ಡ ಈಜುಗಾರರಿರಬೇಕು ಎಂದುಕೊಳ್ಳುತ್ತಾರೆ. ಎಲ್ಲಿ ಬಂತು! ಕನ್ನಂಬಾಡಿಗೆ ಹೋದರೆ ಕಾರಂಜಿಯಿಂದಲೂ ನಾಲ್ಕು ಮಾರು ದೂರ ನಿಲ್ಲುತ್ತಿದ್ದವರು ಅವರು. ಹೊಳೆಯಲ್ಲಿ ಮುಳುಗು ಹಾಕಬೇಕಾದ ಶಾಸ್ತ್ರಗಳನ್ನೆಲ್ಲ "ಪ್ರೋಕ್ಷಣೆ ಸಾಲದೇ?" ಎಂದು ಪುರೋಹಿತರನ್ನು ಕೇಳಿ, ತಂಬಿಗೆಯಲ್ಲೇ ಮುಗಿಸಿದವರು. ಅಂಥವರು ಕೊರೊನಾ ಬಂದ ವರ್ಷದ ಬೇಸಿಗೆಯಲ್ಲಿ, ನಿರ್ಬಂಧಗಳು ಒಂದಿಷ್ಟು ಸಡಿಲವಾದದ್ದೇ ತಡ, ಕ್ರಾಸ್‌ಹೇವನ್‌ಗೆ ಕಡಲತೀರದ ಗಾಳಿ ಸೇವನೆಗೆಂದು ಹೋದವರು ದೋಣಿ ಕೊಂಡು ಬಂದರು. ತರಕಾರಿ ತರಲು ಹೋದವರು ಹಲಸಿನಹಣ್ಣು ಹೊತ್ತು ತರುವುದಿಲ್ಲವೇ? ಹಾಗೆ.

"ಯಾಕ್ರೀ?" ಎಂದಳು ಅಕ್ಕ.

"ಎಂಜಿನ್ ನೋಡು ಕಣೆ, ಎಂಥಾ ಎಂಜಿನ್! ಡೀಸೆಲ್ಲು. ಮಾರಿದ ಮುದುಕರು ಅದನ್ನ ಮಗು ಥರ ಇಟ್ಕೊಂಡಿದಾರೆ."

"ದೋಣಿ?"

"ಅದೂ ಜೊತೇಲಿ ಬಂತು."

ನಾವಾಗ ಇದ್ದದ್ದು ಕಾರ್ಕ್ ನಗರದ ಡಗ್ಲಸ್‌ನಲ್ಲಿ. ಅಕ್ಕ ಆಸ್ಪತ್ರೆಯೊಂದರಲ್ಲಿ ನರ್ಸ್. ಭಾವ ಸಾಫ್ಟ್‌ವೇರ್, ಊಟದ ಮೇಜಿನ ಒಂದು ತುದಿಯೇ ಅವರ ಆಫೀಸು. ಇನ್ನೊಂದು ತುದಿಯಲ್ಲಿ ಅವರ ಮಗಳ ಆನ್‌ಲೈನ್ ಕ್ಲಾಸು. ಎಂ.ಎಸ್‌ಸಿ. ಓದಲು ಬಂದು, ಕಾಲೇಜು ಮುಚ್ಚಿದ ಮೇಲೆ ಅಕ್ಕನ ಮನೆ ಸೇರಿದ್ದ ನಾನು ನಡುವೆ.

ಆ ದೋಣಿ ನಮ್ಮನ್ನು ಹೊತ್ತು ಸಮುದ್ರಕ್ಕೆ ಇಳಿದದ್ದು ಒಂದೇ ಸಲ. ಭಾವ ಎರಡು ಲೈಫ್ ಜಾಕೆಟ್ ತೊಟ್ಟು, ಒಂದರ ಮೇಲೊಂದು ಶರಟು ಹಾಕಿಕೊಂಡ ಮಗುವಿನಂತೆ ಕೈಗಳನ್ನು ಅಗಲಿಸಿಕೊಂಡು ಕೂತಿದ್ದರು. ಕಣ್ಣು ಮುಚ್ಚಿತ್ತು. ದೋಣಿ ಮಾರಿದ ಮುದುಕರು ಪಕ್ಕದಲ್ಲಿ ನಿಂತು ನಡೆಸದಿದ್ದರೆ ಈ ಪ್ರಬಂಧವನ್ನು ಯಾವುದಾದರೂ ಮೀನು ಬರೆಯಬೇಕಾಗುತ್ತಿತ್ತು. ದಡಕ್ಕೆ ಬಂದ ಮೇಲೆ ಭಾವ ಕಣ್ಣು ಬಿಟ್ಟು ಕೇಳಿದರು, "ಸೌಂಡ್ ಕೇಳಿದ್ರಾ? ಒಂದು ಬಡಿತ ಆದ್ರೂ ತಪ್ಪಿತಾ?"

ಚಳಿಗಾಲ ಹತ್ತಿರವಾಯಿತು. ಮನೆಯಿಂದ ಐದು ಕಿಲೋಮೀಟರ್ ಆಚೆ ಯಾರೂ ಹೋಗಬಾರದು ಎಂಬ ಕಟ್ಟಪ್ಪಣೆ ಮತ್ತೆ ಬರುತ್ತದೆಂಬ ಸುದ್ದಿ ಕೇಳಿದ್ದೇ, ಭಾವ ಟ್ರೇಲರ್ ಕಟ್ಟಿ ದೋಣಿಯನ್ನು ಮನೆಯ ಮುಂದಕ್ಕೇ ಎಳೆದು ತಂದು ನಿಲ್ಲಿಸಿದರು. ನಮ್ಮ ಬೀದಿಯವರೆಲ್ಲ ಹೊರಗೆ ಬಂದು, ನಿಯಮದಂತೆ ದೂರ ದೂರ ನಿಂತು ನೋಡಿದರು. ಲಾಕ್‌ಡೌನ್‌ನಲ್ಲಿ ಅದಕ್ಕಿಂತ ದೊಡ್ಡ ಮೆರವಣಿಗೆ ಯಾರು ಕಂಡಿದ್ದರು? ಪಕ್ಕದ ಮನೆಯಾಕೆ ತಮ್ಮ ಬೇಲಿಯ ಮೇಲಿಂದ ಬಗ್ಗಿ, "ನಮಗೆ ಗೊತ್ತಿಲ್ಲದ ಪ್ರವಾಹ ಏನಾದರೂ ಬರುತ್ತಿದೆಯೇ?" ಎಂದು ಗಂಭೀರವಾಗಿ ವಿಚಾರಿಸಿದರು.

ಪ್ರವಾಹವಲ್ಲ, ಹಿಮ ಬರುತ್ತಿತ್ತು. ಅದರ ಅಪಾಯವನ್ನು ಭಾವ ನಮಗೆ ಪ್ರಯೋಗಸಹಿತ ವಿವರಿಸಿದರು. ಈ ಎಂಜಿನ್ ತನ್ನ ಮೈ ತಂಪಾಗಿಡಲು ಹೊರಗಿನ ನೀರನ್ನೇ ಒಳಗೆ ಎಳೆದುಕೊಳ್ಳುತ್ತದಂತೆ. ನಿಲ್ಲಿಸಿದ ಮೇಲೂ ಅದರ ಹೊಟ್ಟೆಯಲ್ಲಿ ಒಂದಿಷ್ಟು ನೀರು ಉಳಿದಿರುತ್ತದಂತೆ. ಚಳಿಗೆ ಅದು ಹೆಪ್ಪುಗಟ್ಟಿ ಉಬ್ಬಿದರೆ ಎರಕದ ಕಬ್ಬಿಣವೂ ಸೀಳಿಹೋಗುತ್ತದಂತೆ. "ನಂಬಲ್ವಾ? ನೋಡ್ತಿರಿ" ಎಂದು ಗಾಜಿನ ಬಾಟಲಿಗೆ ಕಂಠಪೂರ್ತಿ ನೀರು ತುಂಬಿ, ಬಿರಡೆ ಬಿಗಿದು ಫ್ರೀಜರಿನಲ್ಲಿಟ್ಟರು. ಮರುದಿನ ಅಕ್ಕ ಬಾಗಿಲು ತೆಗೆದರೆ ಬಾಟಲಿ ಚೂರುಚೂರು! ಆ ಚೂರುಗಳೆಲ್ಲ, ಅಂಗಡಿ ಅಂಗಡಿ ಅಲೆದು ತಂದು ಕೂಡಿಟ್ಟಿದ್ದ ಕರಿಬೇವಿನ ಮೇಲೆ, ತುರಿದ ತೆಂಗಿನಕಾಯಿಯ ಮೇಲೆ.

"ನೋಡಿದ್ಯಾ? ಎಂಜಿನ್ ಒಡೆದ್ರೂ ಹೀಗೇ" ಎಂದರು ಭಾವ, ವಿಜಯೋತ್ಸಾಹದಿಂದ.

"ಕರಿಬೇವಿಲ್ಲದೆ ಒಗ್ಗರಣೆ ಹಾಕ್ಬೇಕಾದ್ರೆ ನನ್ನ ತಲೆ ಒಡೆಯೋದೂ ಹೀಗೇ" ಎಂದಳು ಅಕ್ಕ.

ಆಮೇಲೆ ಶುರುವಾಯಿತು ನೋಡಿ, ಎಂಜಿನ್ನಿನ ಹೊಟ್ಟೆ ತೊಳೆಯುವ ಮಹಾಯಜ್ಞ. ಹೋತೃಗಳು ಕ್ರಾಸ್‌ಹೇವನ್ನಿನ ಮುದುಕರು, ಫೋನಿನ ಸ್ಪೀಕರಿನಲ್ಲಿ. ಯಜಮಾನರು ನಮ್ಮ ಭಾವ, ಸ್ಪ್ಯಾನರ್ ಹಿಡಿದು. ಮೊದಲು ಒಳ್ಳೆಯ ನೀರು ಹಾಯಿಸಿ ಉಪ್ಪು ತೊಳೆಯಬೇಕು. ಆಮೇಲೆ ಕೆಳಗಿನ ತಿರುಪು ಬಿಚ್ಚಿ ನೀರನ್ನೆಲ್ಲ ಬಸಿಯಬೇಕು. ತಿರುಪು ಬಿಚ್ಚಿದರೆ ತೊಟ್ಟೂ ನೀರಿಲ್ಲ! "ನೀರಿಲ್ಲ, ಮುಗೀತು" ಎಂದೆ ನಾನು. ಮುದುಕರು ಫೋನಿನೊಳಗಿಂದಲೇ ಗದರಿದರು: ನೀರಿಲ್ಲ ಎಂದಲ್ಲ, ತೂತಿಗೆ ತುಕ್ಕು ಕಟ್ಟಿಕೊಂಡಿದೆ, ಅಷ್ಟಕ್ಕೇ ಮೋಸಹೋಗಿ ಎಂಜಿನ್ ಕಳೆದುಕೊಂಡವರು ಬೇಕಾದಷ್ಟು ಜನ. ಭಾವ ಬಟ್ಟೆ ಹ್ಯಾಂಗರ್ ಒಂದನ್ನು ನೆಟ್ಟಗೆ ಮಾಡಿ ತಿವಿದರು. ತಿವಿದೇ ತಿವಿದರು. ಮಳೆ ಬಂತು, ಬಿಡಲಿಲ್ಲ. ಊಟಕ್ಕೆ ಕರೆದೆವು, ಏಳಲಿಲ್ಲ. ಕೊನೆಗೆ ತುಕ್ಕಿನ ಹೆಕ್ಕಳೆ ಸಿಡಿದು, ಕೆಂಪು ನೀರು ಅವರ ಅಂಗಿಯ ತೋಳಿನೊಳಗೇ ಭೋರೆಂದು ನುಗ್ಗಿತು. ಜನ್ಮದಲ್ಲಿ ಮೊದಲ ಬಾರಿಗೆ ಭಾವ ಮೈಮೇಲೆ ನೀರು ಬಿದ್ದದ್ದಕ್ಕೆ ಸಂತೋಷಪಟ್ಟರು.

ಕಡೆಯ ಘಟ್ಟ, ಆಂಟಿಫ್ರೀಝ್ ಎಂಬ ಗುಲಾಬಿ ದ್ರವವನ್ನು ಎಂಜಿನ್ನಿಗೆ ಕುಡಿಸುವುದು. ಅದು ಒಳಗಿದ್ದರೆ ಎಂಥ ಚಳಿಗೂ ಗಡ್ಡೆ ಕಟ್ಟುವುದಿಲ್ಲ. ಬಕೆಟ್ಟಿನಲ್ಲಿ ದ್ರವ ತುಂಬಿ, ಅದರಲ್ಲಿ ಪೈಪು ಇಳಿಬಿಟ್ಟು ಎಂಜಿನ್ ಶುರುಮಾಡಿ, ಹಿಂದಿನ ಕೊಳವೆಯಿಂದ ಗುಲಾಬಿ ಬಣ್ಣ ಹೊರಬರುವವರೆಗೂ ಕಾಯಬೇಕು. ಅದಕ್ಕೂ ಆಫೀಸಿನ ಮೀಟಿಂಗಿಗೂ ಒಂದೇ ಮುಹೂರ್ತ ಕೂಡಿಬಂತು. ಭಾವ ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಎಂಜಿನ್ ಚಾಲೂ ಮಾಡಿದರು. ಡುಗುಡುಗುಡುಗು! ಗುಲಾಬಿ ಬಂತು! "ಬಂತು, ಬಂತು, ಹಿಡ್ಕೊಳ್ರೋ!" ಎಂದು ಅಬ್ಬರಿಸಿದ್ದನ್ನು ಅವರ ಮ್ಯಾನೇಜರಿನಿಂದ ಹಿಡಿದು ಡಬ್ಲಿನ್ನಿನ ಸ್ಯಾಂಡಿಫರ್ಡ್ ಆಫೀಸಿನವರೆಲ್ಲ ಕೇಳಿಸಿಕೊಂಡರು. ಮ್ಯೂಟ್ ಮಾಡುವುದು ಮರೆತಿತ್ತು. ಯಾರಿಗೋ ಹೆರಿಗೆಯಾಯಿತೆಂದು ತಿಳಿದು ಅವರು ಅಭಿನಂದಿಸಿದರಂತೆ. ಅಕ್ಕನ ಮಗಳು ತನ್ನ ಕಾರ್ಕಿನ ರಾಗದಲ್ಲಿ, "ಡ್ಯಾಡ್, ಪ್ಲೀಸ್, ಮೈ ಫ್ರೆಂಡ್ಸ್ ಲಿವ್ ಹಿಯರ್" ಎಂದು ಒಳಗೆ ಓಡಿಹೋದಳು.

"ಯೂ ಆರ್ ಗ್ರ್ಯಾಂಡ್ ನೌ" ಎಂದರು ಮುದುಕರು ಫೋನಿನಲ್ಲಿ, ಎಲ್ಲ ಸರಿಹೋಯಿತು ಎಂಬರ್ಥದಲ್ಲಿ. "ಇನ್ನು ವಸಂತಕಾಲದವರೆಗೆ ಅದನ್ನು ಮುಟ್ಟಲೇಬೇಡ."

ಬೇರೆ ಯಾರೇ ಆಗಿದ್ದರೂ ಮುಟ್ಟುತ್ತಿರಲಿಲ್ಲ. ಭಾವನೂ ಮುಟ್ಟಲಿಲ್ಲ, ಜನವರಿಯವರೆಗೆ.

ಜನವರಿಯಲ್ಲಿ ಅಕ್ಕನ ಆಸ್ಪತ್ರೆಯ ವಾರ್ಡುಗಳು ತುಂಬಿದವು. ಡ್ಯೂಟಿ ಮುಗಿಸಿ ಬಂದವಳ ಮೂಗಿನ ಮೇಲೆ ಮಾಸ್ಕಿನ ಗೆರೆ ಗಾಯದಂತೆ ಕಾಣುತ್ತಿತ್ತು. ಒಂದು ದಿನ ಬಂದವಳು ಬಾಗಿಲಲ್ಲೇ ನಿಂತು, "ಯಾರೂ ಹತ್ರ ಬರ್ಬೇಡಿ, ನಂದು ಪಾಸಿಟಿವ್" ಎಂದು ನೇರ ಮಹಡಿಯ ಮುಂದಿನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟದ ತಟ್ಟೆ ಬಾಗಿಲ ಹೊರಗಿಟ್ಟು ನಾವು ಕೆಳಗಿಳಿದ ಮೇಲೆ ಅವಳು ಒಳಗೆ ತೆಗೆದುಕೊಳ್ಳುತ್ತಿದ್ದಳು.

ಮರುದಿನ ಮಧ್ಯಾಹ್ನ ಭಾವ ರಗ್ಗು ಹೊತ್ತುಕೊಂಡು ದೋಣಿ ಹತ್ತಿದರು. ಎಂಜಿನ್ನಿನ ಮೇಲಿನ ಹಲಗೆ ತೆಗೆದು ಅದಕ್ಕೆ ರಗ್ಗು ಹೊದಿಸಿದರು. ಅಕ್ಕನ ಹಳೆಯ ಸ್ಟೆತಾಸ್ಕೋಪ್ ಕಿವಿಗಿಟ್ಟುಕೊಂಡು ಅದರ ಎದೆ ಪರೀಕ್ಷಿಸಿದರು. ತಲೆ ಅಲ್ಲಾಡಿಸಿದರು. ಅದರ ತಲೆಗೆ ಮಗಳ ಉಣ್ಣೆ ಟೋಪಿ ತೊಡಿಸಿದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಮೇಲೆ ಕಿಟಕಿಯಲ್ಲಿ ಅಕ್ಕ!

"ರೀ! ನನ್ನ ಸ್ಟೆತಾಸ್ಕೋಪ್ ಮುಟ್ಟಿದ್ದು ಯಾಕೆ?"

"ಶ್... ಪೇಷಂಟ್ ಮಲಗಿದೆ. ವಿಸಿಟಿಂಗ್ ಅವರ್ಸ್ ಮುಗೀತು."

"ಥೂ, ನಿಮ್ಮ! ಎದುರುಮನೆಯೋರು ನೋಡ್ತಿದಾರ್ರೀ!"

"ಅವರು ಸಂಬಂಧಿಕರಲ್ಲ. ಒಳಗೆ ಬಿಡಕ್ಕಾಗಲ್ಲ."

ಅಕ್ಕ ನಕ್ಕಳು. ನಕ್ಕು ಕೆಮ್ಮಿದಳು, ಕೆಮ್ಮಿ ಮತ್ತೆ ನಕ್ಕಳು.

ಅಂದಿನಿಂದ ದಿನವೂ ಮಧ್ಯಾಹ್ನ ಇದೇ ಆಟ. ಒಂದು ದಿನ ಎಂಜಿನ್ನಿಗೆ ಕಷಾಯ. ಇನ್ನೊಂದು ದಿನ ದೃಷ್ಟಿ ತೆಗೆಯುವುದು. ಉಪ್ಪು, ಮೆಣಸಿನಕಾಯಿ ಸಮೇತ! "ಭಾವ, ಅದರ ಕೆಲಸ ಆಗಲೇ ಮುಗಿದಿದೆಯಲ್ಲ? ಅದರೊಳಗೆ ತೊಟ್ಟು ನೀರೂ ಇಲ್ಲವಲ್ಲ?" ಎಂದು ಕೇಳಿದರೆ, "ಎಂಜಿನ್ ವಿಷ್ಯ ನಿಂಗೆ ತಿಳಿಯಲ್ಲ ಸುಮ್ನಿರು" ಎನ್ನುತ್ತಿದ್ದರು. ಜ್ವರದ ಮನೆಯಲ್ಲಿ ಇದೆಂಥ ಹುಚ್ಚು ಎಂದು ನನಗೂ ಒಳಗೊಳಗೇ ಸಿಟ್ಟು.

ಅಕ್ಕ ಗುಣವಾದಳು, ಅದನ್ನು ಈಗಲೇ ಹೇಳಿಬಿಡುತ್ತೇನೆ. ವಸಂತದಲ್ಲಿ ಎಂಜಿನ್ನೂ ಮೊದಲ ಸಲಕ್ಕೇ ಶುರುವಾಯಿತು. ಆದರೆ ನಡುವೆ ಒಂದು ಮಧ್ಯಾಹ್ನವಿತ್ತು. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಯಂತ್ರ ತೋರಿಸುವ ಅಂಕಿ ಬೆಳಗಿನಿಂದ ಇಳಿಯುತ್ತ ಬಂದಿತ್ತು. ಇನ್ನೂ ಇಳಿದರೆ ಆಂಬುಲೆನ್ಸ್ ಕರೆಯಿರಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಅಕ್ಕ ಪರದೆ ಎಳೆದುಕೊಂಡು ಮಲಗಿದ್ದಳು. ಹೊರಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಒಂದು ಮುಖಕ್ಕೆ ಚುಚ್ಚುವಂತೆ ಬೀಳುತ್ತಿತ್ತು. ಭಾವ ಎಂದಿನ ಹೊತ್ತಿಗೆ ಎದ್ದು ದೋಣಿ ಹತ್ತಿದರು. ಮುಚ್ಚಿದ ಕಿಟಕಿಯ ಕೆಳಗೆ ಎಂಜಿನ್ನಿನ ಎದೆ ಪರೀಕ್ಷಿಸಿದರು. ತಲೆ ಅಲ್ಲಾಡಿಸಿದರು. ನಾಡಿ ಹಿಡಿದರು. ಒಂದು ಸುತ್ತು ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿದರು.

ನಾನು ತಡೆಯಲಾರದೆ ಹೊರಗೆ ಹೋದೆ. "ಭಾವ, ಒಳಗೆ ಬನ್ನಿ. ಅಕ್ಕ ಮಲಗಿದಾಳೆ. ಯಾರು ನೋಡ್ಬೇಕು ಅಂತ ಇದೆಲ್ಲಾ?"

ಅವರು ಕೈಕೆಲಸ ಬಿಡದೆಯೇ ಮೆಲ್ಲಗೆ ಹೇಳಿದರು. "ಎದ್ದು ಪರದೆ ಸರಿಸ್ತಾಳಲ್ಲಮ್ಮ, ಆಗ ನಾನು ಇಲ್ಲಿಲ್ಲ ಅಂದ್ರೆ ಅವಳಿಗೆ ಗೊತ್ತಾಗ್ಬಿಡತ್ತೆ."

"ಏನು?"

"ನಾನು ಹೆದರಿಕೊಂಡಿದೀನಿ ಅಂತ. ಅವಳು ನರ್ಸು. ನನ್ನ ಮುಖ ನೋಡೇ ತನ್ನ ಕಾಯಿಲೆ ಎಷ್ಟು ಅಂತ ಅಳೀತಾಳೆ."

ಅಷ್ಟರಲ್ಲಿ ಮೇಲೆ ಪರದೆ ಅಲುಗಿತು. ಅರ್ಧ ಸರಿದು ನಿಂತಿತು. ಫೋನು ಬಡಿದುಕೊಂಡಿತು. ಭಾವ ಸ್ಪೀಕರ್ ಹಾಕಿದರು.

"ರೀ," ಧ್ವನಿ ದಾರದಷ್ಟು ಸಣ್ಣಗಿತ್ತು. "ಹೇಗಿದೆ ಪೇಷಂಟು?"

"ಫಸ್ಟ್ ಕ್ಲಾಸ್ ಕಣೆ!" ಎಂದು ಭಾವ ಇಡೀ ಬೀದಿಗೆ ಕೇಳುವಂತೆ ಕೂಗಿದರು. "ಈಗ ತಾನೆ ಎದ್ದು ಕೂತ್ಕೊಂಡು ಅನ್ನ ಸಾರು ಕೇಳ್ತಿದೆ!"

ಕೂಗಿದವರು ಥಟ್ಟನೆ ಎಂಜಿನ್ನಿನತ್ತ ತಿರುಗಿ ಬಗ್ಗಿಬಿಟ್ಟರು. ಅವರ ಬೆನ್ನು ಅದುರುತ್ತಿತ್ತು. ನಾನು ದೋಣಿಯ ಬದಿಗಿದ್ದ ಟಾರ್ಪಾಲಿನ್ನಿನ ತುದಿ ಎತ್ತಿ ಹಿಡಿದು, ಕಿಟಕಿಗೆ ಅಡ್ಡವಾಗಿ ನಿಂತು, ನನ್ನ ಗಂಟಲಲ್ಲಿದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಕೂಗಿದೆ:

"ಅಕ್ಕಾ, ಐದು ನಿಮಿಷ ತಡಿ! ಡಾಕ್ಟರು ಕೈ ತೊಳ್ಕೊಳ್ತಿದಾರೆ!"